ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಕ್ಯಾಮೆರಾ ಕಾಣುತ್ತಿಲ್ಲ: ರೌಟರ್‌ನಲ್ಲಿ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಮನೆ. 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ಕಂಪನಿಯವರು ಕೊಟ್ಟ ಬಾಕ್ಸ್‌ನ ವೈಫೈ ಹಿಂದಿನ ಕೋಣೆಗೆ ಸಿಗುವುದಿಲ್ಲ ಅಂತ ನಾನೇ ಒಂದು ರೌಟರ್ ತಂದು ಅದಕ್ಕೆ ಸೇರಿಸಿದ್ದೇನೆ. ಅಡಿಕೆ ಒಣಗಿಸುವ ಅಂಗಳಕ್ಕೆ 4 ಕ್ಯಾಮೆರಾ ಹಾಕಿಸಿದ್ದೇವೆ. ಬೆಂಗಳೂರಿನ ಮಗಳ ಮನೆಗೆ ಹೋದಾಗ ಅಲ್ಲಿಂದಲೇ ನೋಡಬೇಕು ಅಂತ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ, ಆಗಲಿಲ್ಲ. ಇನ್ನೊಂದು ತೊಂದರೆ: ಮನೆಯಿಂದ ಕೆಲಸ ಮಾಡುವ ಮಗನ ವಿಡಿಯೋ ಮೀಟಿಂಗ್ ಸಂಜೆ ಹೊತ್ತು ತುಂಡು ತುಂಡಾಗುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ 90ರ ಮೇಲೆ ಬರುತ್ತದೆ. ‘ಅಡ್ವಾನ್ಸ್ಡ್’ ಪುಟದಲ್ಲಿ ಹತ್ತಾರು ಆಯ್ಕೆಗಳಿವೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ಉತ್ತರ: ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ, ಅಂದರೆ ಹೊರಗಿನಿಂದ ಬಂದ ಕನೆಕ್ಷನ್ ಅನ್ನು ಮನೆಯೊಳಗಿನ ಒಂದು ಸಾಧನಕ್ಕೆ ದಾಟಿಸುವ ಸೆಟ್ಟಿಂಗ್‌ನಲ್ಲಿ, ನೀವು ತಪ್ಪು ಮಾಡಿರುವ ಸಾಧ್ಯತೆ ಕಡಿಮೆ. ನಿಮ್ಮ ಮನೆಯ ಜೋಡಣೆ ನೋಡಿ: ಮುಂದೆ ಕಂಪನಿಯ ಬಾಕ್ಸ್, ಅದರ ಹಿಂದೆ ನಿಮ್ಮ ರೌಟರ್, ಅದಕ್ಕೆ ಡಿವಿಆರ್ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ). ಹೀಗಿರುವಾಗ ನಿಮ್ಮ ರೌಟರ್‌ನಲ್ಲಿ ಎಲ್ಲವನ್ನೂ ಸರಿಯಾಗಿ ತುಂಬಿದರೂ ಹೊರಗಿನಿಂದ ಕ್ಯಾಮೆರಾ ಕಾಣುವುದಿಲ್ಲ. ಅಡ್ಡಿ ಇರುವುದು ರೌಟರ್‌ನ ಆಚೆ. ವಿಡಿಯೋ ಮೀಟಿಂಗ್ ಕಡಿಯುವುದು ಬೇರೆಯೇ ಕತೆ. ಅದಕ್ಕೆ ರೌಟರ್‌ನಲ್ಲೇ ಮದ್ದು ಸಿಗಬಹುದು. ಎರಡನ್ನೂ ಒಂದೊಂದಾಗಿ ನೋಡೋಣ.

‘ಅಡ್ವಾನ್ಸ್ಡ್’ ಪುಟದಲ್ಲಿ ಎಲ್ಲೋ ಒಂದು ಆಯ್ಕೆ ಆನ್ ಮಾಡಿದರೆ ನೆಟ್ ಜೋರಾಗುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಹಾಗೇನೂ ಇಲ್ಲ. ಅಲ್ಲಿರುವುದರಲ್ಲಿ ಹೆಚ್ಚಿನವು ಯಾವುದೋ ಒಂದು ವಿಶೇಷ ಅಗತ್ಯಕ್ಕೆ ಅಂತ ಇಟ್ಟಿರುವಂಥವು. ನಿಮಗೆ ಬೇಕಾದದ್ದು ಏನು ಅಂತ ಗೊತ್ತಾದರೆ ಮುಟ್ಟಬೇಕಾದ ಜಾಗ ನಾಲ್ಕೈದು ಮಾತ್ರ. ಅದಕ್ಕೂ ಮುಂಚೆ, ಏನನ್ನೂ ಬದಲಿಸದೆ, ಒಂದು ಸಂಖ್ಯೆಯನ್ನು ಓದಿಕೊಳ್ಳಬೇಕು. ಅದೇ ನಿಮ್ಮ ರೌಟರ್‌ನ ವ್ಯಾನ್ ಅಡ್ರೆಸ್, ಅಂದರೆ ಹೊರಗಿನ ಕಡೆಗೆ ಅದಕ್ಕೆ ಸಿಕ್ಕಿರುವ ವಿಳಾಸ. ಈ ಒಂದು ಸಂಖ್ಯೆ ನೋಡದೆ ಪೋರ್ಟ್ ಫಾರ್ವರ್ಡಿಂಗ್‌ಗೆ ಕೈ ಹಾಕಿ ಸಂಜೆಗಟ್ಟಲೆ ಒದ್ದಾಡಿದವರು ತುಂಬಾ ಇದ್ದಾರೆ.

ಕೈ ಹಾಕುವ ಮುನ್ನ ಸ್ವಲ್ಪ ಸಿದ್ಧತೆ ಬೇಕು. ನಿಮ್ಮ ರೌಟರ್‌ನಲ್ಲಿ ‘ಸಿಸ್ಟಮ್ ಟೂಲ್ಸ್’ ಅಥವಾ ‘ಅಡ್ಮಿನಿಸ್ಟ್ರೇಷನ್’ ಅನ್ನುವ ಕಡೆ ‘ಬ್ಯಾಕಪ್’ ಇರುತ್ತದೆ. ಈಗಿರುವ ಸೆಟ್ಟಿಂಗ್ಸ್ ಎಲ್ಲ ಒಂದು ಫೈಲ್ ಆಗಿ ಕಂಪ್ಯೂಟರ್‌ಗೆ ಇಳಿಯುತ್ತದೆ. ಅದನ್ನು ಇಟ್ಟುಕೊಳ್ಳಿ. ಕಂಪನಿಯ ಬಾಕ್ಸ್‌ನ ಪುಟ ತೆರೆಯಲು ಬಂದರೆ ಅಲ್ಲಿನ ಇಂಟರ್ನೆಟ್ ಪುಟದ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಪಿಪಿಪಿಒಇ ಯೂಸರ್‌ನೇಮ್ (ಕಂಪನಿಯ ಲೈನ್‌ಗೆ ಲಾಗಿನ್ ಆಗುವ ಹೆಸರು) ಮತ್ತು ವಿಲ್ಯಾನ್ ಐಡಿ ಅನ್ನುವ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು. ಕಂಪನಿಯ ಬಾಕ್ಸ್‌ನ ಹಿಂದಿರುವ ಸಣ್ಣ ರೀಸೆಟ್ ತೂತಿಗೆ ಪಿನ್ ಹಾಕಬೇಡಿ. ನಿಮ್ಮ ಸ್ವಂತ ರೌಟರ್ ರೀಸೆಟ್ ಆದರೆ ಮತ್ತೆ ಸೆಟ್ ಮಾಡಬಹುದು. ಕಂಪನಿಯ ಬಾಕ್ಸ್ ರೀಸೆಟ್ ಆದರೆ ಯೂಸರ್‌ನೇಮ್, ವಿಲ್ಯಾನ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರ ಕಡೆಯ ಹುಡುಗ ಬರುವ ತನಕ ಮನೆಯಲ್ಲಿ ನೆಟ್ ಇರುವುದಿಲ್ಲ. ಹಳ್ಳಿಗೆ ಅವರು ಬರುವುದು ಯಾವಾಗಲೋ ಏನೋ, ಅಲ್ವಾ? ಇನ್ನೊಂದು ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪರೀಕ್ಷಿಸಿ. ಆಮೇಲೆ ಮುಂದಿನದು.

ಈಗ ಆ ಸಂಖ್ಯೆಯ ವಿಷಯ. ನಿಮ್ಮ ರೌಟರ್‌ನ ‘ಸ್ಟೇಟಸ್’ ಪುಟ ತೆರೆಯಿರಿ. ‘ಇಂಟರ್ನೆಟ್’ ಅಥವಾ ‘ವ್ಯಾನ್’ ಅನ್ನುವ ಭಾಗದಲ್ಲಿ ಒಂದು ಐಪಿ ಅಡ್ರೆಸ್ ಇರುತ್ತದೆ. ಅದು 192.168 ಅಂತ ಶುರುವಾದರೆ, ನಿಮ್ಮ ರೌಟರ್ ನೇರವಾಗಿ ಇಂಟರ್ನೆಟ್‌ನಲ್ಲಿ ಇಲ್ಲ, ಕಂಪನಿಯ ಬಾಕ್ಸ್‌ನ ಹಿಂದೆ ಕೂತಿದೆ. ನೀವು ಬರೆದ ಪ್ರಕಾರ ಹೀಗೇ ಇರಬೇಕು. ಹಾಗಾದರೆ ಕಂಪನಿಯ ಬಾಕ್ಸ್‌ನ ಪುಟಕ್ಕೂ ಹೋಗಿ ಅದರ ವ್ಯಾನ್ ಅಡ್ರೆಸ್ ನೋಡಿ. ಬಾಕ್ಸ್‌ನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಲಾಗಿನ್ ವಿವರ ಇರುತ್ತದೆ. ಅಲ್ಲಿನ ಅಡ್ರೆಸ್ 10ರಿಂದ ಶುರುವಾದರೆ, ಅಥವಾ 172.16ರಿಂದ 172.31ರ ಒಳಗಿದ್ದರೆ, ಅಥವಾ 100.64ರಿಂದ 100.127ರ ಒಳಗಿದ್ದರೆ, ಆ ಬಾಕ್ಸ್‌ಗೂ ಸ್ವಂತ ಇಂಟರ್ನೆಟ್ ಅಡ್ರೆಸ್ ಇಲ್ಲ ಅಂತ ಅರ್ಥ. 100ರಿಂದ ಶುರುವಾದದ್ದೆಲ್ಲ ಈ ಗುಂಪಿಗೆ ಸೇರುವುದಿಲ್ಲ. ಎರಡನೇ ಸಂಖ್ಯೆ 64 ಮತ್ತು 127ರ ನಡುವೆ ಇದೆಯಾ ಅಂತ ನೋಡಬೇಕು. ಇನ್ನೂ ಅನುಮಾನ ಇದ್ದರೆ ಬ್ರೌಸರ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಅಂತ ಹುಡುಕಿ. ಅಲ್ಲಿ ಬರುವ ಐಪಿವಿ4 ಅಡ್ರೆಸ್, ಬಾಕ್ಸ್‌ನಲ್ಲಿ ಕಂಡ ಅಡ್ರೆಸ್ ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ಐಪಿ (ಸ್ವಂತ ಇಂಟರ್ನೆಟ್ ಅಡ್ರೆಸ್) ಇದೆ. ಬೇರೆ ಬೇರೆ ಆಗಿದ್ದರೆ ಇಲ್ಲ.

ಇದು ಯಾಕೆ ಇಷ್ಟು ಮುಖ್ಯ? ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ಅಡ್ರೆಸ್. ಜಗತ್ತಿನ ಮಟ್ಟದಲ್ಲಿ ಹಂಚಲು ಉಳಿದಿದ್ದ ಕೊನೆಯ ದೊಡ್ಡ ಗುಂಪುಗಳು 2011ರ ಫೆಬ್ರವರಿಯಲ್ಲಿ ಖಾಲಿಯಾದವು. ಅದಾದ ಮೇಲೆ ಬೆಳೆದ ಕಂಪನಿಗಳಿಗೆ ಪ್ರತಿ ಮನೆಗೆ ಒಂದು ಅಡ್ರೆಸ್ ಕೊಡಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಒಂದೇ ಪಬ್ಲಿಕ್ ಅಡ್ರೆಸ್ ಅನ್ನು ಹಲವಾರು ಮನೆಗಳಿಗೆ ಹಂಚುವ ಪದ್ಧತಿ ಬಂತು. ಅದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. 100.64ರಿಂದ 100.127ರ ಸಾಲನ್ನು 2012ರಲ್ಲಿ ಇದಕ್ಕೆಂದೇ ಬೇರೆ ಎತ್ತಿಟ್ಟರು. ಹಳೇ ಮೈಸೂರಿನ ವಠಾರವನ್ನು ನೆನೆಸಿಕೊಳ್ಳಿ. ಹತ್ತು ಸಂಸಾರ, ಬೀದಿಗೆ ಒಂದೇ ಡೋರ್ ನಂಬರ್. ಒಳಗಿನವರು ಯಾರು ಬೇಕಾದರೂ ಹೊರಗೆ ಪತ್ರ ಹಾಕಬಹುದು. ಆದರೆ ಹೊರಗಿನಿಂದ ಬರೀ ಡೋರ್ ನಂಬರ್ ಬರೆದು ಪತ್ರ ಹಾಕಿದರೆ ಅದು ಯಾರ ಮನೆಗೆ ಅಂತ ಗೊತ್ತಾಗುವುದಿಲ್ಲ. ಸಿಜಿನ್ಯಾಟ್‌ನಲ್ಲೂ ಹೀಗೇ. ಮನೆಯಿಂದ ನೀವು ಯಾವ ವೆಬ್‌ಸೈಟ್ ಬೇಕಾದರೂ ತೆರೆಯಬಹುದು. ಬೆಂಗಳೂರಿನಿಂದ ನಿಮ್ಮ ಡಿವಿಆರ್ ಹುಡುಕಿಕೊಂಡು ಬಂದ ಕನೆಕ್ಷನ್ ಮಾತ್ರ ಕಂಪನಿಯ ಯಂತ್ರದಲ್ಲೇ ನಿಂತುಹೋಗುತ್ತದೆ. ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ಬಾರದೇ ಇರುವುದನ್ನು ಫಾರ್ವರ್ಡ್ ಮಾಡುವುದು ಹೇಗೆ? ರೌಟರ್‌ನ ಯಾವ ಸೆಟ್ಟಿಂಗ್‌ನಿಂದಲೂ ಇದು ಸರಿಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಇದರ ಮೇಲೆ ಇನ್ನೊಂದು ತಡೆ ಇದೆ. ಕಂಪನಿಯ ಬಾಕ್ಸ್ ತಾನೇ ಒಂದು ರೌಟರ್. ಅದರ ಹಿಂದೆ ನಿಮ್ಮ ರೌಟರ್ ಕೂಡ ಅದೇ ಕೆಲಸ ಮಾಡುತ್ತಿದೆ. ಒಂದೇ ಅಡ್ರೆಸ್ ಅನ್ನು ಹಲವರಿಗೆ ಹಂಚುವ ಕೆಲಸಕ್ಕೆ ನ್ಯಾಟ್ ಅಂತ ಹೆಸರು. ಅದು ಎರಡು ಸಲ ಆಗುವುದರಿಂದ ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ವೆಬ್‌ಸೈಟ್ ನೋಡಲು, ಸಿನಿಮಾ ನೋಡಲು ಇದರಿಂದ ಏನೂ ತೊಂದರೆ ಇಲ್ಲ. ಆದರೆ ಪೋರ್ಟ್ ಫಾರ್ವರ್ಡಿಂಗ್ ಎರಡು ಕಡೆ ಮಾಡಬೇಕಾಗುತ್ತದೆ. ಬಾಕ್ಸ್‌ನ ವೈಫೈಗೆ ಸೇರಿದ ಮೊಬೈಲ್‌ಗೆ ನಿಮ್ಮ ರೌಟರ್‌ಗೆ ಸೇರಿದ ಪ್ರಿಂಟರ್ ಕಾಣುವುದಿಲ್ಲ. ಎರಡೂ 192.168.1.1 ಅನ್ನುವ ಒಂದೇ ಅಡ್ರೆಸ್ ಇಟ್ಟುಕೊಂಡಿದ್ದರೆ ನೆಟ್ ಬರದೇ ಹೋಗಬಹುದು. ಎಷ್ಟೋ ರೌಟರ್‌ಗಳು ಇದನ್ನು ತಾವೇ ಗುರುತಿಸಿ ಬದಲಿಸಿಕೊಳ್ಳುತ್ತವೆ. ಮಾಡದಿದ್ದರೆ ನಿಮ್ಮ ರೌಟರ್‌ನ ‘ಲ್ಯಾನ್’ ಪುಟದಲ್ಲಿ ಅದನ್ನು 192.168.50.1 ಅಂತ ಏನಾದರೂ ಮಾಡಿ.

ಡಬಲ್ ನ್ಯಾಟ್ ತೆಗೆಯಲು ಎರಡು ದಾರಿ ಇವೆ. ನಿಮ್ಮ ರೌಟರ್ ಅನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕುವುದು ಸುಲಭದ್ದು. ಆಗ ಅದು ಬರೀ ವೈಫೈ ಕೊಡುತ್ತದೆ, ಉಳಿದ ಕೆಲಸವನ್ನು ಕಂಪನಿಯ ಬಾಕ್ಸ್ ನೋಡಿಕೊಳ್ಳುತ್ತದೆ. ವೈಫೈ ಹಿಂದಿನ ಕೋಣೆಗೆ ಬರಬೇಕು, ಅಷ್ಟೇ ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡನೆಯದು, ಕಂಪನಿಯ ಬಾಕ್ಸ್ ಅನ್ನು ‘ಬ್ರಿಡ್ಜ್’ ಮೋಡ್‌ಗೆ ಹಾಕುವುದು. ಆಗ ಬಾಕ್ಸ್ ಫೈಬರ್‌ನ ಬೆಳಕನ್ನು ತಂತಿಗೆ ಬದಲಿಸುವ ಕೆಲಸ ಮಾತ್ರ ಮಾಡುತ್ತದೆ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವುದು ನಿಮ್ಮ ರೌಟರ್. ನಿಮಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಮಗನ ಮೀಟಿಂಗ್‌ಗೆ ಬೇಕಾದ ಕ್ಯೂಒಎಸ್ (ಯಾವುದಕ್ಕೆ ಮೊದಲ ಆದ್ಯತೆ ಅಂತ ಹೇಳುವ) ಸೆಟ್ಟಿಂಗ್ ನಿಮ್ಮ ರೌಟರ್‌ನಲ್ಲಿ ಇರುತ್ತದೆ. ಅದನ್ನು ಆಕ್ಸೆಸ್ ಪಾಯಿಂಟ್ ಮಾಡಿಬಿಟ್ಟರೆ ಆ ಸೆಟ್ಟಿಂಗ್ ಕೆಲಸಕ್ಕೆ ಬರುವುದಿಲ್ಲ. ಬ್ರಿಡ್ಜ್ ಮೋಡ್ ಅನ್ನು ಕಂಪನಿಯವರಿಂದಲೇ ಮಾಡಿಸಿ. ಬಾಕ್ಸ್‌ಗೆ ಲ್ಯಾಂಡ್‌ಲೈನ್ ಫೋನ್ ಸೇರಿಸಿದ್ದರೆ ಅದು ಹಾಗೇ ನಡೆಯಬೇಕು ಅಂತ ಮೊದಲೇ ಹೇಳಿ. ಎಲ್ಲ ಕಂಪನಿಗಳೂ ಇದಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಡಬಲ್ ನ್ಯಾಟ್ ಹಾಗೇ ಇರಲಿ. ಮುಂದೆ ಹೇಳುವ ಕ್ಯಾಮೆರಾ ದಾರಿಗೆ ಅದರಿಂದ ಅಡ್ಡಿ ಇಲ್ಲ.

ಹಾಗಾದರೆ ಕ್ಯಾಮೆರಾ ನೋಡುವುದು ಹೇಗೆ? ಕಂಪನಿಯಿಂದ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಕೇಳಬಹುದು. ಹಲವು ಕಂಪನಿಗಳು ಜಾಸ್ತಿ ದುಡ್ಡಿಗೆ ಕೊಡುತ್ತವೆ. ಆದರೆ ಬರೀ 4 ಕ್ಯಾಮೆರಾ ನೋಡಲು ವರ್ಷವರ್ಷ ಆ ದುಡ್ಡು ಕಟ್ಟಿ ಅಂತ ನಾನು ಹೇಳುವುದಿಲ್ಲ. ಮತ್ತೆ, ಪಬ್ಲಿಕ್ ಐಪಿ ಸಿಕ್ಕಿದರೂ ಡಿವಿಆರ್‌ಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಡಿ ಅಂತಲೇ ಬಲವಾಗಿ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ನಿಜವಾಗಿ ಕಾಳಜಿ ಇದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೋರ್ಟ್ ಫಾರ್ವರ್ಡ್ ಮಾಡಿದರೆ ನಿಮ್ಮ ಡಿವಿಆರ್‌ನ ಲಾಗಿನ್ ಪುಟ ಇಡೀ ಜಗತ್ತಿಗೆ ತೆರೆದುಕೊಳ್ಳುತ್ತದೆ. 554, 8000, 37777 ಇವೆಲ್ಲ ಡಿವಿಆರ್‌ಗಳು ಬಳಸುವ ಪೋರ್ಟ್‌ಗಳು (ಒಳಬರುವ ಬಾಗಿಲಿನ ನಂಬರ್‌ಗಳು) ಅಂತ ಎಲ್ಲರಿಗೂ ಗೊತ್ತು. ಇಂಟರ್ನೆಟ್‌ನ ಎಲ್ಲ ಅಡ್ರೆಸ್‌ಗಳಲ್ಲಿ ಈ ಪೋರ್ಟ್ ತೆರೆದಿದೆಯಾ ಅಂತ ಹಗಲು ರಾತ್ರಿ ತಡಕಾಡುವ ಪ್ರೋಗ್ರಾಮ್‌ಗಳಿವೆ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹರಡಿದ್ದು ಹೀಗೆ ತೆರೆದ ಪೋರ್ಟ್‌ಗಳನ್ನು ತಡಕಾಡಿಯೇ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಅದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ವಶಕ್ಕೆ ತೆಗೆದುಕೊಂಡಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವನ್ನೇ ಬಳಸಿ ಡಿನ್ ಅನ್ನುವ, ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಕಂಪನಿಯ ಮೇಲೆ ದಾಳಿ ಮಾಡಿದರು. ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ದೊಡ್ಡ ಸೈಟ್‌ಗಳೇ ಗಂಟೆಗಟ್ಟಲೆ ತೆರೆಯಲಿಲ್ಲ. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕಲ್ಲ ಅಂತ ಕೇಳಬಹುದು. ಸಾಕಾಗುವುದಿಲ್ಲ. 2021ರಲ್ಲಿ ಹೈಕ್‌ವಿಷನ್ ಅನ್ನುವ ಕ್ಯಾಮೆರಾ ಕಂಪನಿಯ ಅನೇಕ ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗುವ ದೋಷ ಬಯಲಿಗೆ ಬಂತು. ಕಂಪನಿ ಹೊಸ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಕೊಟ್ಟಿತು. ಆದರೆ ಹಾಕಿಸಿದ ಮೇಲೆ ಡಿವಿಆರ್‌ನ ಫರ್ಮ್‌ವೇರ್ ನೋಡುವವರು ಎಷ್ಟು ಜನ ಇದ್ದಾರೆ?

ಹಾಗಾಗಿ ನೀವು ಈಗಾಗಲೇ ಹಾಕಿರುವ ಪೋರ್ಟ್ ಫಾರ್ವರ್ಡಿಂಗ್ ನಿಯಮಗಳನ್ನು ಅಳಿಸಿಬಿಡಿ. ನಾಳೆ ಕಂಪನಿಯವರು ಪಬ್ಲಿಕ್ ಐಪಿ ಕೊಟ್ಟ ದಿನ ಅವು ನಿಮಗೆ ಗೊತ್ತಿಲ್ಲದೆ ಜೀವಂತವಾಗುತ್ತವೆ. ‘ಡಿಎಂಜೆಡ್’ ಅನ್ನುವ ಆಯ್ಕೆಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಡಿವಿಆರ್‌ನ ಅಡ್ರೆಸ್ ಹಾಕಿದರೆ ಒಂದು ಪೋರ್ಟ್ ಅಲ್ಲ, ಎಲ್ಲ ಪೋರ್ಟ್‌ಗಳೂ ತೆರೆಯುತ್ತವೆ. ‘ಯುಪಿಎನ್‌ಪಿ’ ಆನ್ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದಾಗ ಮನೆಯೊಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳಬಹುದು. ಅಗ್ಗದ ಕ್ಯಾಮೆರಾಗಳು ಹೀಗೆ ಮಾಡುವುದುಂಟು. ಗೇಮ್ ಆಡುವ ಮಕ್ಕಳಿದ್ದರೆ ಕೆಲವು ಆಟಗಳಿಗೆ ಇದು ಬೇಕಾಗುತ್ತದೆ. ನಿಮ್ಮ ಮನೆಗೆ ಬೇಡ. ‘ರಿಮೋಟ್ ಮ್ಯಾನೇಜ್‌ಮೆಂಟ್’ ಕೂಡ ಆಫ್ ಇರಲಿ.

ಸುಲಭದ ದಾರಿ ಅಂದರೆ ಡಿವಿಆರ್ ತಯಾರಿಸಿದ ಕಂಪನಿಯದ್ದೇ ಮೊಬೈಲ್ ಆ್ಯಪ್. ಡಿವಿಆರ್‌ನ ಮೇಲೆ ಅಥವಾ ಅದರ ಮೆನುವಿನಲ್ಲಿ ಒಂದು ಕ್ಯೂಆರ್ ಕೋಡ್ ಇರುತ್ತದೆ, ‘ಪಿ2ಪಿ’ ಅಂತ ಬರೆದಿರುತ್ತದೆ. ಇದರಲ್ಲಿ ಡಿವಿಆರ್ ತಾನೇ ಹೊರಗಿನ ಸರ್ವರ್‌ಗೆ ಕನೆಕ್ಷನ್ ಮಾಡಿಟ್ಟುಕೊಳ್ಳುತ್ತದೆ, ನಿಮ್ಮ ಮೊಬೈಲ್ ಅದೇ ಸರ್ವರ್ ಮೂಲಕ ಬಂದು ಸೇರುತ್ತದೆ. ಕನೆಕ್ಷನ್ ಒಳಗಿನಿಂದ ಹೊರಗೆ ಹೋಗುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಡಿವಿಆರ್‌ನ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದು ಮಾಡಿಸಿ ಇದನ್ನು ಬಳಸಿದರೆ ಹೆಚ್ಚಿನ ಮನೆಗಳಿಗೆ ಸಾಕು. ಆದರೆ ಚಿತ್ರಗಳು ತಯಾರಕರ ಸರ್ವರ್ ಮೂಲಕ ಹೋಗಬಹುದು ಅನ್ನುವುದು ನೆನಪಿರಲಿ. ಅಂಗಳದ ಕ್ಯಾಮೆರಾಕ್ಕೆ ಪರವಾಗಿಲ್ಲ. ಮನೆಯೊಳಗಿನ ಕ್ಯಾಮೆರಾಕ್ಕೆ ನಾನಾದರೆ ಒಪ್ಪುವುದಿಲ್ಲ.

ಮನಸ್ಸಿಗೆ ನೆಮ್ಮದಿ ಬೇಕು ಅನ್ನುವವರಿಗೆ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬೀಗ ಹಾಕಿದ ಖಾಸಗಿ ದಾರಿ, ಒಳ್ಳೆಯದು. ಪಬ್ಲಿಕ್ ಐಪಿ ಇದ್ದವರು ರೌಟರ್‌ನಲ್ಲೇ ವೈರ್‌ಗಾರ್ಡ್ ಅನ್ನುವ ವಿಪಿಎನ್ ಸರ್ವರ್ ನಡೆಸಬಹುದು. ಈಗ ಬರುವ ಕೆಲವು ರೌಟರ್‌ಗಳಲ್ಲಿ ಅದು ಇದೆ. ನಿಮ್ಮ ಕೀಲಿ ಇಲ್ಲದೆ ಬಂದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ತಡಕಾಡುವವರಿಗೆ ಅಲ್ಲಿ ಏನೋ ಇದೆ ಅಂತಲೂ ಗೊತ್ತಾಗುವುದಿಲ್ಲ. ಸಿಜಿನ್ಯಾಟ್‌ನ ಹಿಂದೆ ಇರುವವರಿಗೆ ಟೇಲ್‌ಸ್ಕೇಲ್ ಅಥವಾ ಜೀರೋಟಿಯರ್ ಅನ್ನುವ ವಿಪಿಎನ್ ಅನುಕೂಲ. ಮನೆಯಲ್ಲಿ ಸದಾ ಆನ್ ಇರುವ ಒಂದು ಹಳೇ ಕಂಪ್ಯೂಟರ್ ಅಥವಾ ರಾಸ್ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಬೇಕು, ನಿಮ್ಮ ಮೊಬೈಲ್‌ನಲ್ಲೂ ಹಾಕಬೇಕು. ಮನೆಯ ಕಂಪ್ಯೂಟರ್ ಅನ್ನು ‘ಸಬ್‌ನೆಟ್ ರೌಟರ್’ ಅಂತ ಗುರುತು ಮಾಡಿದರೆ ಬೆಂಗಳೂರಿನಲ್ಲಿ ಕೂತು ಡಿವಿಆರ್‌ನ 192.168 ಅಡ್ರೆಸ್ ಅನ್ನೇ ತೆರೆಯಬಹುದು. ಟೇಲ್‌ಸ್ಕೇಲ್ ಕೊಡುವ ಅಡ್ರೆಸ್ ಕೂಡ 100.64ರಿಂದ 100.127ರ ಸಾಲಿನದ್ದೇ ಆಗಿರುತ್ತದೆ. ಅದನ್ನು ವ್ಯಾನ್ ಅಡ್ರೆಸ್ ಅಂತ ತಿಳಿದು ಗೊಂದಲ ಮಾಡಿಕೊಳ್ಳಬೇಡಿ.

ಯಾವ ದಾರಿ ಹಿಡಿದರೂ ಡಿವಿಆರ್‌ಗೆ ಒಂದು ಸ್ಥಿರವಾದ ಒಳ ಅಡ್ರೆಸ್ ಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಬದಲಾಗುವ ಸಾಧ್ಯತೆ ಇದೆ. ರೌಟರ್‌ನ ‘ಡಿಎಚ್‌ಸಿಪಿ’ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಇರುತ್ತದೆ. ಪಟ್ಟಿಯಿಂದ ಡಿವಿಆರ್ ಆರಿಸಿ ಒಂದು ಅಡ್ರೆಸ್ ಕಟ್ಟಿಹಾಕಿ, ಮುಗಿಯಿತು. ಮೊಬೈಲ್‌ಗಳಿಗೂ ಹೀಗೆ ಮಾಡಲು ಹೋದರೆ ನಿಲ್ಲದೇ ಇರಬಹುದು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ನಂಬರ್) ಬದಲು ಬೇರೊಂದನ್ನು ತೋರಿಸುತ್ತವೆ. ಇದೇ ಕಾರಣಕ್ಕೆ ‘ಮ್ಯಾಕ್ ಫಿಲ್ಟರಿಂಗ್’ ಕೂಡ ಈಗ ತಲೆನೋವೇ ಹೊರತು ರಕ್ಷಣೆ ಅಲ್ಲ.

ಹೊಸ ಅಡ್ರೆಸ್ ಪದ್ಧತಿಯಾದ ಐಪಿವಿ6 ಬಗ್ಗೆ ಎರಡು ಮಾತು. ಭಾರತದಲ್ಲಿ ಇದರ ಬಳಕೆ ತುಂಬಾ ಮುಂದಿದೆ. ನಿಮ್ಮ ಕಂಪನಿ ಕೊಡುತ್ತಿದ್ದರೆ ಆಫ್ ಮಾಡಬೇಡಿ. ಅದರಲ್ಲಿ ಅಡ್ರೆಸ್‌ಗೆ ಬರ ಇಲ್ಲ, ಸಿಜಿನ್ಯಾಟ್ ಕೂಡ ಬೇಕಿಲ್ಲ. ಮನೆಯ ಪ್ರತಿಯೊಂದು ಸಾಧನಕ್ಕೂ ಸ್ವಂತ ಅಡ್ರೆಸ್ ಸಿಗುತ್ತದೆ. ಅದೇ ಕಾರಣಕ್ಕೆ ರೌಟರ್‌ನ ‘ಐಪಿವಿ6 ಫೈರ್‌ವಾಲ್’ (ಹೊರಗಿನಿಂದ ನುಗ್ಗುವುದನ್ನು ತಡೆಯುವ ಕಾವಲು) ಆನ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದು ಆಫ್ ಆಗಿದ್ದರೆ ನಿಮ್ಮ ಡಿವಿಆರ್ ನೇರವಾಗಿ ಬೀದಿಗೆ ಬಂದಂತೆ.

ಈಗ ಮಗನ ಮೀಟಿಂಗ್. ಸ್ಪೀಡ್ ಟೆಸ್ಟ್‌ನಲ್ಲಿ 90 ಬರುತ್ತದೆ, ಆದರೂ ಮೀಟಿಂಗ್ ಕಡಿಯುತ್ತದೆ ಅಂದಿರಿ. ಇದರಲ್ಲಿ ವಿಚಿತ್ರ ಏನಿಲ್ಲ. ಒಂದು ಒಳ್ಳೆಯ ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಇದ್ದರೆ ಧಾರಾಳ. ಅದಕ್ಕೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ, ಮಾತು ತಡವಾಗದೆ ಒಂದೇ ಸಮನೆ ತಲುಪುವುದು. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿ ಅದನ್ನು ತೋರಿಸುವುದಿಲ್ಲ. ಇನ್ನೂ ಒಂದು, ನೀವು ಹೇಳಿದ್ದು ಡೌನ್‌ಲೋಡ್ ಇರಬೇಕು. ಅಪ್‌ಲೋಡ್ ಎಷ್ಟು ಬರುತ್ತದೆ ಅಂತ ಕೂಡ ನೋಡಿ.

ತಡ ಎಲ್ಲಿ ಆಗುತ್ತಿದೆ ಅಂತ ಹುಡುಕಲು ಪಿಂಗ್ ಸಾಕು, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಮೊಬೈಲ್‌ಗೂ ಪಿಂಗ್ ಆ್ಯಪ್‌ಗಳಿವೆ, ಆದರೆ ಮಗ ಕೂತು ಕೆಲಸ ಮಾಡುವ ಜಾಗದಲ್ಲಿ, ಅದೇ ಲ್ಯಾಪ್‌ಟಾಪ್‌ನಲ್ಲಿ, ಸಂಜೆ ಹೊತ್ತಿನಲ್ಲೇ ಮಾಡಿದರೆ ಒಳ್ಳೆಯದು. ಮೊದಲು ನಿಮ್ಮ ರೌಟರ್‌ನ ಅಡ್ರೆಸ್‌ಗೆ ಪಿಂಗ್ ಬಿಡಿ. ಬರುವ ಅಂಕಿ ಕೆಲವೇ ಮಿಲಿಸೆಕೆಂಡ್ ಇರಬೇಕು. ಅಲ್ಲೇ ಒಮ್ಮೆ 3, ಒಮ್ಮೆ 200, ಒಮ್ಮೆ ಉತ್ತರವೇ ಇಲ್ಲ ಅಂತಾದರೆ ತೊಂದರೆ ಇರುವುದು ವೈಫೈನಲ್ಲಿ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ರೌಟರ್‌ವರೆಗೆ ಸ್ಥಿರವಾಗಿದ್ದರೆ 8.8.8.8ಕ್ಕೆ ಪಿಂಗ್ ಬಿಡಿ. ಅದು ಗೂಗಲ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ) ಸರ್ವರ್. ಮನೆಯಲ್ಲಿ ಬೇರೆ ಯಾರೂ ಏನೂ ಮಾಡದಿರುವಾಗ ಬರುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ಮೊಬೈಲ್‌ನಿಂದ ಒಂದು ದೊಡ್ಡ ವಿಡಿಯೋವನ್ನು ಅಪ್‌ಲೋಡ್‌ಗೆ ಹಾಕಿ ಮತ್ತೆ ನೋಡಿ. ಅಂಕಿ 30ರಿಂದ 300ಕ್ಕೆ, 500ಕ್ಕೆ ಏರಿದರೆ ರೋಗ ಸಿಕ್ಕಿತು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಮನೆಯಲ್ಲಿ ಯಾರೂ ಏನೂ ಮಾಡದಿದ್ದಾಗಲೂ ಸಂಜೆ ಅಂಕಿ ಏರಿಳಿಯುತ್ತಿದ್ದರೆ ತೊಂದರೆ ಕಂಪನಿಯ ಲೈನ್‌ನಲ್ಲಿದೆ. ಒಂದೇ ಫೈಬರ್ ಅನ್ನು ಊರಿನ ಹಲವು ಮನೆಗಳಿಗೆ ಒಡೆದು ಕೊಟ್ಟಿರುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ಬಳಸುತ್ತಾರೆ. ಅದಕ್ಕೆ ನಿಮ್ಮ ರೌಟರ್‌ನಲ್ಲಿ ಮದ್ದಿಲ್ಲ. ಆದರೆ ಈ ಅಂಕಿಗಳ ಸ್ಕ್ರೀನ್‌ಶಾಟ್ ಇದ್ದರೆ ದೂರು ಕೊಡುವಾಗ ‘ನಿಮ್ಮ ವೈಫೈ ಸರಿ ಇಲ್ಲ’ ಅಂತ ಸಾಗಹಾಕಲು ಆಗುವುದಿಲ್ಲ.

ಬಫರ್‌ಬ್ಲೋಟ್ ಆಗುವುದು ಹೀಗೆ. ಸಂಜೆ ಎಲ್ಲರೂ ಮನೆಗೆ ಬರುತ್ತಾರೆ. ಮೊಬೈಲ್‌ಗಳು ವೈಫೈ ಸಿಕ್ಕಿದ ಕೂಡಲೇ ಹಗಲು ತೆಗೆದ ಫೋಟೋ, ವಿಡಿಯೋಗಳನ್ನು ಮೇಲೆ ಕಳಿಸಲು ಶುರು ಮಾಡುತ್ತವೆ. ಅಪ್‌ಲೋಡ್ ಲೈನ್ ತುಂಬುತ್ತದೆ. ಹೋಗಲಾಗದ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ಬಾಕ್ಸ್ ಬಿಸಾಡುವುದಿಲ್ಲ, ತನ್ನ ಮೆಮೊರಿಯಲ್ಲಿ ಸಾಲು ನಿಲ್ಲಿಸಿಕೊಳ್ಳುತ್ತದೆ. ಸಾಲು ಉದ್ದವಾದಷ್ಟು ಮಗನ ಮಾತೂ ಅದರ ಹಿಂದೆ ನಿಲ್ಲುತ್ತದೆ. ಅರ್ಧ ಸೆಕೆಂಡ್ ತಡವಾಗಿ ತಲುಪಿದ ಮಾತು ಮೀಟಿಂಗ್‌ನಲ್ಲಿ ಕೆಲಸಕ್ಕೆ ಬಾರದು. ಈ ಸಮಸ್ಯೆಯನ್ನು 2010ರ ಹೊತ್ತಿಗೆ ಜಿಮ್ ಗೆಟ್ಟಿಸ್ ಅನ್ನುವ ಕಂಪ್ಯೂಟರ್ ತಜ್ಞ ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನುವ ಪರಿಹಾರ ಕೊಟ್ಟರು. ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದೆ ಅಂತ ನೋಡಿ ಸಾಲನ್ನು ಚಿಕ್ಕದಾಗಿಡುವುದು ಅದರ ಉಪಾಯ.

ನಿಮ್ಮ ರೌಟರ್‌ನಲ್ಲಿ ಇದು ‘ಎಸ್‌ಕ್ಯೂಎಂ’ ಅಂತಲೋ ಬರೀ ‘ಕ್ಯೂಒಎಸ್’ ಅಂತಲೋ ಇರಬಹುದು. ಆನ್ ಮಾಡಿದಾಗ ಅದು ಅಪ್‌ಲೋಡ್ ಮತ್ತು ಡೌನ್‌ಲೋಡ್ ವೇಗ ಕೇಳುತ್ತದೆ. ಇಲ್ಲಿ ಪ್ಲ್ಯಾನ್‌ನ 100 ಹಾಕಬೇಡಿ. ತಂತಿ ಹಾಕಿ ಸ್ಪೀಡ್ ಟೆಸ್ಟ್ ಮಾಡಿ, ಬಂದದ್ದರ 85–90 ಶೇಕಡಾ ಹಾಕಿ. 92 ಬಂದರೆ 80 ಅಂತಿಟ್ಟುಕೊಳ್ಳಿ. ದುಡ್ಡು ಕೊಟ್ಟ ವೇಗವನ್ನು ನಾವೇ ಕಡಿಮೆ ಮಾಡಿಕೊಳ್ಳುವುದೇ ಅಂತ ಅನ್ನಿಸಬಹುದು. ಆದರೆ ಸಾಲು ಕಂಪನಿಯ ಬಾಕ್ಸ್‌ನಲ್ಲಿ ಬೆಳೆಯದೆ ನಿಮ್ಮ ರೌಟರ್‌ನಲ್ಲೇ ಉಳಿಯಬೇಕಾದರೆ ಇಷ್ಟು ಬಿಡಬೇಕು. ಆಗಲೇ ರೌಟರ್‌ಗೆ ಅದರ ಮೇಲೆ ಹಿಡಿತ ಸಿಗುವುದು. ಬರೀ ಆದ್ಯತೆಯ ಪಟ್ಟಿ ಕೊಡುವ ಕ್ಯೂಒಎಸ್ ಇದ್ದರೂ ವೇಗದ ಮಿತಿ ಹಾಕಿ, ಮಗನ ಲ್ಯಾಪ್‌ಟಾಪ್ ಅನ್ನು ಮೇಲಕ್ಕಿಡಿ. ಮತ್ತೆ ಅಪ್‌ಲೋಡ್ ಹಾಕಿ ಪಿಂಗ್ ನೋಡಿ. 500 ಇದ್ದದ್ದು 50ರ ಆಸುಪಾಸಿಗೆ ಇಳಿದರೆ ಗೆದ್ದಿರಿ. ನಿಮ್ಮ ವೇಗಕ್ಕೆ ಸಾಮಾನ್ಯ ರೌಟರ್ ಸಾಕು. 500 ಎಂಬಿಪಿಎಸ್ ಪ್ಲ್ಯಾನ್ ಇರುವವರು ಅಗ್ಗದ ರೌಟರ್‌ನಲ್ಲಿ ಇದನ್ನು ಆನ್ ಮಾಡಿದರೆ ಪ್ರೊಸೆಸರ್ ಸಾಲದೆ ಒಟ್ಟು ವೇಗವೇ ಬಿದ್ದುಹೋಗಬಹುದು. ಇನ್ನೊಂದು ಷರತ್ತು: ಮನೆಯವರೆಲ್ಲ ಇದೇ ರೌಟರ್ ಮೂಲಕ ಹೋಗಬೇಕು. ಕಂಪನಿಯ ಬಾಕ್ಸ್‌ನ ವೈಫೈಗೆ ಇಬ್ಬರು ಸೇರಿಕೊಂಡಿದ್ದರೆ ಅವರ ಅಪ್‌ಲೋಡ್ ಈ ಲೆಕ್ಕಕ್ಕೆ ಬರುವುದಿಲ್ಲ. ಬಾಕ್ಸ್‌ನ ವೈಫೈ ಆಫ್ ಮಾಡಿ.

ರೌಟರ್‌ವರೆಗಿನ ಪಿಂಗ್‌ನಲ್ಲೇ ತೊಂದರೆ ಕಂಡರೆ ವೈಫೈ ಪುಟಕ್ಕೆ ಹೋಗಿ. ಮಗನ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ಗೆ ಸೇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಟ್ಟು, ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ 36–48 ಅಥವಾ 149–161 ಒಳ್ಳೆಯದು. ನಡುವಿನ 52–144 ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರೌಟರ್ ಒಂದು ನಿಮಿಷ ಕಿವಿಗೊಟ್ಟು ಆಮೇಲೆ ಶುರು ಮಾಡುತ್ತದೆ, ರೇಡಾರ್ ಕಂಡರೆ ಮಧ್ಯದಲ್ಲೇ ಬಿಟ್ಟು ಹೋಗುತ್ತದೆ. ಮೀಟಿಂಗ್‌ಗೆ ಅದು ಬೇಡ. ನಿಮ್ಮದು ಜಂಬಿಟ್ಟಿಗೆಯ ದಪ್ಪ ಗೋಡೆಯ ಮನೆಯಾಗಿದ್ದರೆ ಚಾನೆಲ್ ಬದಲಿಸಿ ಹೆಚ್ಚು ಉಪಯೋಗ ಇಲ್ಲ. 5 ಗಿಗಾಹರ್ಟ್ಸ್ ಅಂಥ ಎರಡು ಗೋಡೆ ದಾಟುವುದೇ ಕಷ್ಟ. ಹಿಂದಿನ ಕೋಣೆಯ ತನಕ ಒಂದು ಕ್ಯಾಟ್6 ತಂತಿ ಎಳೆದು ರೌಟರ್ ಅನ್ನೇ ಅಲ್ಲಿಗೆ ಒಯ್ಯಿರಿ. 100 ಮೀಟರ್ ತನಕ ತೊಂದರೆ ಇಲ್ಲ. ತಂತಿ ಅಂಗಳದ ಮೇಲೆ ಹಾದುಹೋಗುವಂತಿದ್ದರೆ ಮಾತ್ರ ಮಳೆಗಾಲದ ಗುಡುಗು ಮಿಂಚನ್ನು ಗಮನದಲ್ಲಿಡಿ. ಫೈಬರ್‌ನ ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ತಾಮ್ರದ ತಂತಿಯಲ್ಲಿ ಹರಿಯುತ್ತದೆ. ಕ್ಯಾಮೆರಾದ ತಂತಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಎನ್‌ಎಸ್ ಬದಲಿಸಿ 1.1.1.1 ಅಥವಾ 8.8.8.8 ಹಾಕಬಹುದು. ಕಂಪನಿಯ ಡಿಎನ್‌ಎಸ್ ನಿಧಾನ ಇದ್ದರೆ ಪುಟಗಳು ಬೇಗ ಶುರುವಾಗುತ್ತವೆ, ಆದರೆ ಡೌನ್‌ಲೋಡ್ ವೇಗ ಜಾಸ್ತಿಯಾಗುವುದಿಲ್ಲ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅನ್ನು ಹಾಗೇ ಬಿಡಿ. ಪಿಪಿಪಿಒಇ ತನಗೆ 8 ಬೈಟ್ ತೆಗೆದುಕೊಳ್ಳುವುದರಿಂದ 1500 ಬದಲು 1492 ಇರುವುದೇ ಸರಿ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಿ. ಅದರ 8 ಅಂಕಿಯ ಪಿನ್ ಅನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ಗೊತ್ತಾಗಿದೆ. ವೈಫೈ ಭದ್ರತೆ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಅನ್ನುವ ಮಿಶ್ರ ಆಯ್ಕೆಯಲ್ಲಿರಲಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೇ ಪ್ರಿಂಟರ್, ವೈಫೈ ಬಲ್ಬ್ ಎಲ್ಲ ಹೊರಗುಳಿಯುತ್ತವೆ. ನಿಮ್ಮ ಕಡೆ ಮೊಬೈಲ್ ಸಿಗ್ನಲ್ ಕಡಿಮೆ, ಎಷ್ಟೋ ಮನೆಗಳು ವೈಫೈ ಕಾಲಿಂಗ್ ನಂಬಿಕೊಂಡಿವೆ. ಅದು ಯುಡಿಪಿ 500 ಮತ್ತು 4500 ಪೋರ್ಟ್‌ಗಳಲ್ಲಿ ಐಪಿಸೆಕ್ ಅನ್ನುವ ಸುರಕ್ಷಿತ ಕನೆಕ್ಷನ್ ಬಳಸುತ್ತದೆ. ‘ಐಪಿಸೆಕ್ ಪಾಸ್‌ಥ್ರೂ’ ಅನ್ನುವುದನ್ನು ಭದ್ರತೆಗೆ ಅಂತ ಆಫ್ ಮಾಡಿದರೆ ಕೆಲವು ರೌಟರ್‌ಗಳಲ್ಲಿ ಫೋನ್ ಬರುವುದೇ ನಿಂತುಹೋಗುತ್ತದೆ. ಮುಂದೆ ಯಾವತ್ತಾದರೂ 200ರ ಪ್ಲ್ಯಾನ್‌ಗೆ ಹೋದ ಮೇಲೂ ಸ್ಪೀಡ್ ಟೆಸ್ಟ್ 94ಕ್ಕೇ ನಿಂತರೆ ಸೆಟ್ಟಿಂಗ್ಸ್ ಹುಡುಕಬೇಡಿ. ರೌಟರ್‌ನ ವ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು, ಇಲ್ಲವೇ ನಡುವಿನ ತಂತಿಯ ಎಂಟು ಎಳೆಗಳಲ್ಲಿ ಒಂದು ತುಂಡಾಗಿದೆ.

ಈ ವಾರ ನೀವು ಮಾಡಬೇಕಾದದ್ದು ಬ್ಯಾಕಪ್, ವ್ಯಾನ್ ಅಡ್ರೆಸ್, ಪಿಂಗ್. ಕ್ಯಾಮೆರಾಕ್ಕೆ ಸದ್ಯಕ್ಕೆ ಪಿ2ಪಿ ಆ್ಯಪ್ ಹಾಕಿಕೊಳ್ಳಿ. ಪರೀಕ್ಷೆ ಮಾಡುವಾಗ ಮನೆಯ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಮನೆಯೊಳಗಿನಿಂದಲೇ ನೋಡಿದರೆ ಹೊರಗಿನಿಂದ ಕಾಣುತ್ತದಾ ಇಲ್ಲವಾ ಅಂತ ತಿಳಿಯುವುದಿಲ್ಲ. ಎರಡನೇ ಸುತ್ತಿಗೆ ನನಗೆ ಬರೆಯುವಾಗ ರೌಟರ್‌ನ ಮಾಡೆಲ್, ಎರಡೂ ಬಾಕ್ಸ್‌ಗಳ ವ್ಯಾನ್ ಅಡ್ರೆಸ್‌ನ ಮೊದಲ ಎರಡು ಸಂಖ್ಯೆ, ಮತ್ತು ಅಪ್‌ಲೋಡ್ ಹಾಕುವ ಮುಂಚೆ ಹಾಗೂ ಹಾಕಿದ ಮೇಲಿನ ಪಿಂಗ್ ಅಂಕಿ ತಿಳಿಸಿ. ಪೂರ್ತಿ ಅಡ್ರೆಸ್, ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಯಾರಿಗೂ ಕಳಿಸಬೇಡಿ, ನನಗೂ ಬೇಡ.